ರೆಡ್‌ವುಡ್ ನ್ಯಾಷನಲ್ ಪಾರ್ಕ್‌ಗೆ ಮೊದಲ ಸಲ, ಜೊತೆಗೆ ಅಪ್ಪ ಅಮ್ಮ: ಮೂರು ದಿನ ಸಾಕಾ?

ತುಂಗಾತೀರದವಳು

ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಹತ್ತಿರ ಇದ್ದೇವೆ. ಇಲ್ಲಿಗೆ ಬಂದು ಏಳು ವರ್ಷವಾದರೂ ರಾಜ್ಯದ ಉತ್ತರ ಕರಾವಳಿಯ, ದೈತ್ಯ ಮರಗಳ ಈ ರೆಡ್‌ವುಡ್ ಕಾಡು ನೋಡಿಲ್ಲ. ಈಗ ತೀರ್ಥಹಳ್ಳಿಯಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಪ್ಪನಿಗೆ 71, ಅಡಿಕೆ ತೋಟ ಮಾಡಿಕೊಂಡು ಬಂದವರು, ಈಗಲೂ ಚೆನ್ನಾಗಿ ನಡೆಯುತ್ತಾರೆ. ಅಮ್ಮನಿಗೆ 66, ಮಂಡಿನೋವು ಇದೆ. ಜೂನ್ ಕೊನೆಯ ವಾರ ಮೂರು ದಿನ ರಜೆ ಸಿಕ್ಕಿದೆ.

ನಮ್ಮ ಯಜಮಾನರ ಲೆಕ್ಕ ಹೀಗಿದೆ. ಮೊದಲ ದಿನ ಪಾರ್ಕ್ ಪಕ್ಕದ ಊರು ಕ್ರೆಸೆಂಟ್ ಸಿಟಿ ಸೇರುವುದು. ಎರಡನೇ ದಿನ ಪಾರ್ಕ್ ಪೂರ್ತಿ ನೋಡುವುದು. ಮೂರನೇ ದಿನ ಆರೆಗಾನ್ ಕಡೆ ಹೋಗಿ ಕ್ರೇಟರ್ ಲೇಕ್ ನೋಡಿ, ರಾತ್ರಿ ಮನೆಗೆ ವಾಪಸ್.

ಅಪ್ಪ ಮಾತ್ರ ಒಂದೇ ಮಾತು ಹೇಳುತ್ತಾರೆ: "ಮರ ನೋಡೋಕೆ ಅಷ್ಟು ದೂರ ಯಾಕೆ? ನಮ್ಮ ಮನೆ ಹಿಂದೆ ಕಾಡೇ ಇದೆಯಲ್ಲ." ಅವರು ಹೇಳುವುದರಲ್ಲೂ ನ್ಯಾಯ ಇದೆ. ಆಗುಂಬೆ ಪಕ್ಕದವರಿಗೆ ಮಳೆಕಾಡು ಹೊಸದೇನಲ್ಲ. ಹೋಗಿ ಬಂದವರು ಹೇಳಿ, ಇದು ಅಷ್ಟು ದೂರ ಕರೆದುಕೊಂಡು ಹೋಗುವಂಥ ಜಾಗವಾ? ಮಂಡಿನೋವಿನವರಿಗೆ ಯಾವ ದಾರಿ ಆಗುತ್ತದೆ?

ಕಡಲಕಡೆ

ಮೊದಲು ಆ ಕ್ರೇಟರ್ ಲೇಕ್ ಬಿಡಿ. ಮೂರನೇ ದಿನ ಹತ್ತು ಗಂಟೆಗೂ ಜಾಸ್ತಿ ಕಾರಿನಲ್ಲೇ ಕೂರಬೇಕಾಗುತ್ತದೆ. ಅಮ್ಮನ ಮಂಡಿ ಅಲ್ಲೇ ಹಿಡಿದುಕೊಳ್ಳುತ್ತದೆ.

ಬಸವ_ಬೇಏರಿಯಾ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಅಷ್ಟು ದೂರ ಯಾಕೆ ಹೋಗಬೇಕು? ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದಲ್ಲೇ ಮ್ಯೂರ್ ವುಡ್ಸ್ ಇದೆ. ಅದೇ ರೆಡ್‌ವುಡ್ ಮರ. ಬೆಳಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು. ದೊಡ್ಡ ಮರವೇ ಬೇಕು ಅಂದ್ರೆ ಸೆಕ್ವೋಯಾ ಪಾರ್ಕ್‌ಗೆ ಹೋಗಿ. ಪ್ರಪಂಚದ ಅತಿ ಎತ್ತರದ ಮರ ಜನರಲ್ ಶರ್ಮನ್ ಇರುವುದು ಅಲ್ಲೇ. ಸೆಕ್ವೋಯಾ, ರೆಡ್‌ವುಡ್ ಎರಡೂ ಒಂದೇ, ಹೆಸರು ಮಾತ್ರ ಬೇರೆ.

ಗಿಡಮರ_ಮೇಷ್ಟ್ರು

ಬಸವ ಅವರೇ, ಎರಡೂ ಒಂದೇ ಅಲ್ಲ. ಈ ಗೊಂದಲ ಬಹಳ ಜನಕ್ಕಿದೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಜನರಲ್ ಶರ್ಮನ್ ಸುಮಾರು 275 ಅಡಿ. ಅದು ಎತ್ತರದಲ್ಲಿ ಮೊದಲನೆಯದಲ್ಲ, ಗಾತ್ರದಲ್ಲಿ ಮೊದಲನೆಯದು. ಕಾಂಡದ ಒಟ್ಟು ಗಾತ್ರ ಲೆಕ್ಕ ಹಾಕಿದರೆ ಅದನ್ನು ಮೀರಿಸುವ ಒಂಟಿ ಮರ ಇಲ್ಲ. ಅದು ಜೈಂಟ್ ಸೆಕ್ವೋಯಾ, ಸಿಯೆರಾ ನೆವಾಡ ಬೆಟ್ಟದ ಮೇಲೆ, ಹಿಮ ಬೀಳುವ ಜಾಗದಲ್ಲಿ ಬೆಳೆಯುತ್ತದೆ. ಇವರು ಕೇಳುತ್ತಿರುವುದು ಕೋಸ್ಟ್ ರೆಡ್‌ವುಡ್. ಅದು ಕಡಲ ಪಕ್ಕದ ಮಂಜಿನ ಪಟ್ಟಿ ಬಿಟ್ಟು ಒಳನಾಡಿಗೆ ದೂರ ಹೋಗುವುದೇ ಇಲ್ಲ. ಬುಡ ಅಷ್ಟು ದಪ್ಪ ಇರುವುದಿಲ್ಲ, ಆದರೆ ಎತ್ತರದಲ್ಲಿ ಅದನ್ನು ಮೀರಿಸುವ ಮರ ಭೂಮಿ ಮೇಲೆ ಇಲ್ಲ. 2006ರಲ್ಲಿ ಸಿಕ್ಕಿದ ಹೈಪೀರಿಯನ್ ಮರ 380 ಅಡಿ ದಾಟುತ್ತದೆ, ಅಂದರೆ ಸುಮಾರು 116 ಮೀಟರ್.

ಮ್ಯೂರ್ ವುಡ್ಸ್‌ನಲ್ಲಿರುವುದು ಕೋಸ್ಟ್ ರೆಡ್‌ವುಡ್ಡೇ, ಅದು ನಿಜ. ಆದರೆ ಅಲ್ಲಿಯ ಅತಿ ಎತ್ತರದ ಮರ 258 ಅಡಿ. ಉತ್ತರದಲ್ಲಿ 300 ಅಡಿ ದಾಟಿದ ಮರಗಳು ಸಾಲುಸಾಲಾಗಿ ನಿಂತಿವೆ.

ತುಂಗಾತೀರದವರೇ, ನಿಮ್ಮ ತಂದೆಯವರು ತೋಟದವರು ಅಂದಿರಿ. ಅವರಿಗೆ ಒಂದು ವಿಷಯ ಹೇಳಿ. ಇಷ್ಟು ಎತ್ತರದ ಮರಕ್ಕೆ ತಾಯಿಬೇರು ಇಲ್ಲ. ಬೇರು ಆರರಿಂದ ಹನ್ನೆರಡು ಅಡಿ ಆಳಕ್ಕೆ ಮಾತ್ರ ಇಳಿಯುತ್ತದೆ. ಆದರೆ ಅಡ್ಡಡ್ಡ ನೂರು ಅಡಿವರೆಗೂ ಹರಡಿ ಪಕ್ಕದ ಮರದ ಬೇರಿನ ಜೊತೆ ಹೆಣೆದುಕೊಳ್ಳುತ್ತದೆ. ಇದರ ಕಾಯಿ ನಿಮ್ಮ ಅಡಿಕೆಗಿಂತಲೂ ಚಿಕ್ಕದು, ಬೀಜ ಟೊಮೆಟೊ ಬೀಜದಷ್ಟು. ಅವರು ನಂಬದೆ ನೋಡಲಿಕ್ಕೇ ಹೊರಡುತ್ತಾರೆ.

ಬಸವ_ಬೇಏರಿಯಾ

ಸರಿ ಮೇಷ್ಟ್ರೇ, ಶರ್ಮನ್ ವಿಷಯ ತಪ್ಪಾಯ್ತು. ಒಪ್ಪಿದೆ. ಆದರೂ ವಯಸ್ಸಾದವರನ್ನು ಏಳು ಗಂಟೆ ಕಾರಿನಲ್ಲಿ ಕೂರಿಸುವುದಕ್ಕೆ ನನ್ನ ಮನಸ್ಸು ಒಪ್ಪಲ್ಲ. 258 ಅಡಿ ಮರವನ್ನೂ ಕತ್ತೆತ್ತಿ ನೋಡಿದರೆ ತುದಿ ಕಾಣಲ್ಲ. ಬರೀ ಎತ್ತರಕ್ಕೋಸ್ಕರ ಅಷ್ಟು ದೂರ ಹೋಗೋದಾ?

ರೈನ್‌ಕೋಟ್

ಬರೀ ಎತ್ತರದ ಪ್ರಶ್ನೆ ಅಲ್ಲ ಬಸವ. ಮ್ಯೂರ್ ವುಡ್ಸ್‌ನಲ್ಲಿ ಪಾರ್ಕಿಂಗ್‌ಗೆ ಮೊದಲೇ ಬುಕ್ ಮಾಡಿಕೊಂಡು ಹೋಗಿ, ಜನರ ಸಾಲಿನಲ್ಲಿ ಹಲಗೆ ದಾರಿ ಮೇಲೆ ನಡೆಯುತ್ತೇವೆ. ಉತ್ತರದಲ್ಲಿ ಕೆಲವು ದಾರಿಗಳಲ್ಲಿ ಅರ್ಧ ಗಂಟೆ ನಡೆದರೂ ಒಬ್ಬರೂ ಸಿಗಲ್ಲ. ಆ ನಿಶ್ಶಬ್ದವೇ ಬೇರೆ.

ಆದರೆ ನನ್ನ ಮೊದಲ ಸಲದ ಪ್ರವಾಸ ಪೂರ್ತಿ ಹಾಳಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ, ಇವರಿಗೆ ಉಪಯೋಗ ಆಗಲಿ. ನಾವು ಸಿಯಾಟಲ್‌ನಿಂದ ಹೊರಟಿದ್ದೆವು, ಜುಲೈ ತಿಂಗಳು. ಕ್ಯಾಲಿಫೋರ್ನಿಯಾ ಬೇಸಿಗೆ ಅಂತ ಎಲ್ಲರಿಗೂ ತೆಳು ಬಟ್ಟೆ ತುಂಬಿದ್ದೆ. ಕಡಲ ಹತ್ತಿರ ಬಂದರೆ ಹದಿಮೂರು ಡಿಗ್ರಿ, ಮೈಮೇಲೆ ಬೀಳುವ ಹಾಗೆ ಮಂಜು. ಮಕ್ಕಳು ನಡುಗಿ ಕಾರಿನಿಂದ ಇಳಿಯಲೇ ಇಲ್ಲ. ಫರ್ನ್ ಕ್ಯಾನ್ಯನ್‌ಗೆ ಪರ್ಮಿಟ್ ಬೇಕು ಅಂತ ಗೊತ್ತಿರಲಿಲ್ಲ, ಬಾಗಿಲಿಂದಲೇ ವಾಪಸ್ ಕಳಿಸಿದರು. ಮೊಬೈಲ್ ಸಿಗ್ನಲ್ ಹೋಗಿ ದಾರಿ ತಪ್ಪಿತು. ನಾವು ನೋಡಿದ್ದು 101 ಹೆದ್ದಾರಿ ಮತ್ತು ಒಂದು ಗಿಫ್ಟ್ ಅಂಗಡಿ. ಮನೆಗೆ ಬಂದು "ಅಲ್ಲೇನೂ ಇಲ್ಲ" ಅಂತ ನಾಲ್ಕು ಜನಕ್ಕೆ ಹೇಳಿಯೂ ಬಿಟ್ಟೆ. ಅದಕ್ಕೆ ಈಗಲೂ ಬೇಸರ ಇದೆ.

ಎರಡು ವರ್ಷ ಬಿಟ್ಟು ಮತ್ತೆ ಹೋದೆವು. ಆ ಸಲ ಮೂರು ದಿನಕ್ಕೆ ಮೂರೇ ಜಾಗ. ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡು, ಸ್ವೆಟರ್ ಹಾಕಿಕೊಂಡು ಹೋದೆವು. ಅದೇ ಮಕ್ಕಳು ಮರದ ಬುಡದಲ್ಲಿದ್ದ ಪೊಟರೆಯಿಂದ ಹೊರಗೆ ಬರಲು ಒಪ್ಪಲಿಲ್ಲ.

ತುಂಗಾತೀರದವಳು

ಫರ್ನ್ ಕ್ಯಾನ್ಯನ್‌ಗೆ ಪರ್ಮಿಟ್ ಬೇಕಾ? ಇದು ನಮಗೂ ಗೊತ್ತಿರಲಿಲ್ಲ!

ಕಡಲಕಡೆ

ಬೇಕು. ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬೇಕು. ನ್ಯಾಷನಲ್ ಪಾರ್ಕ್‌ಗೆ ಪ್ರವೇಶ ಶುಲ್ಕ ಇಲ್ಲ, ಗೇಟೂ ಇಲ್ಲ, ಹೆದ್ದಾರಿ ಅದರೊಳಗೇ ಹೋಗುತ್ತದೆ. ಆದರೆ ಫರ್ನ್ ಕ್ಯಾನ್ಯನ್ ಕಡೆ ಸ್ಟೇಟ್ ಪಾರ್ಕ್‌ನವರಿಗೆ ದಿನದ ಶುಲ್ಕ ಕಟ್ಟಬೇಕು.

ಈ ಗೊಂದಲಕ್ಕೆ ಕಾರಣ ಏನೆಂದರೆ ಅಲ್ಲಿರುವುದು ಒಂದು ಪಾರ್ಕ್ ಅಲ್ಲ, ನಾಲ್ಕು. ಪ್ರೇರಿ ಕ್ರೀಕ್, ಡೆಲ್ ನಾರ್ಟ್ ಕೋಸ್ಟ್, ಜೆಡೆಡಾಯಾ ಸ್ಮಿತ್ ಈ ಮೂರು ಸ್ಟೇಟ್ ಪಾರ್ಕ್‌ಗಳು 1920ರ ದಶಕದಿಂದಲೇ ಇದ್ದವು. ನ್ಯಾಷನಲ್ ಪಾರ್ಕ್ ಆಗಿದ್ದು 1968ರಲ್ಲಿ. 1994ರಿಂದ ನಾಲ್ಕನ್ನೂ ಜೊತೆಯಾಗಿ ನೋಡಿಕೊಳ್ಳುತ್ತಾರೆ.

ಫರ್ನ್ ಕ್ಯಾನ್ಯನ್ ಅಂದರೆ ಎರಡೂ ಕಡೆ ಐವತ್ತು ಅಡಿ ಗೋಡೆ, ಗೋಡೆ ತುಂಬ ಜರಿಗಿಡ, ಕೆಳಗೆ ಹಳ್ಳ. ನೋಡಲೇಬೇಕಾದ ಜಾಗ. ಆದರೆ ಹಳ್ಳದ ಕಲ್ಲಿನ ಮೇಲೆ, ಬಿದ್ದ ಮರ ದಾಟಿಕೊಂಡು ಹೋಗಬೇಕು. ಮಂಡಿನೋವಿನವರಿಗೆ ನಾನು ಬೇಡ ಅಂತೀನಿ.

ಮೈಸೂರು_ಮಲ್ಲಿಗೆ

ನಮ್ಮ ಅತ್ತೆಗೂ ಮಂಡಿ ಆಪರೇಷನ್ ಆಗಿತ್ತು. ನಾವು ಮಾಡಿದ್ದು ಹೀಗೆ ನೋಡಿ ಅಕ್ಕ.

ಸ್ಟೌಟ್ ಗ್ರೋವ್: ಪಾರ್ಕಿಂಗ್‌ನಿಂದ ಕೆಳಗಿಳಿಯುವ ಒಂದು ಚಿಕ್ಕ ಇಳಿಜಾರು ಇದೆ, ಅಲ್ಲಿ ಕೈ ಹಿಡಿದುಕೊಳ್ಳಿ. ಆಮೇಲೆ ಅರ್ಧ ಮೈಲಿ ಸುತ್ತು, ಪೂರ್ತಿ ಸಮತಟ್ಟು. ಸ್ಮಿತ್ ನದಿಯ ನೆರೆ ಹೂಳು ತಂದು ಹಾಕಿರುವುದರಿಂದ ನೆಲ ಮೆತ್ತಗೆ, ಜರಿಗಿಡ ಬಿಟ್ಟರೆ ಪೊದೆ ಕಮ್ಮಿ. ಸಂಜೆ ನಾಲ್ಕರ ಮೇಲೆ ಹೋದರೆ ಬಿಸಿಲು ಕಾಂಡಗಳ ಮಧ್ಯೆ ಓರೆಯಾಗಿ ಬೀಳುತ್ತದೆ.

ಅಲ್ಲಿಗೆ ಹೋಗುವ ಹೌಲಂಡ್ ಹಿಲ್ ರಸ್ತೆ ಮಣ್ಣುರಸ್ತೆ. ಎರಡೂ ಪಕ್ಕ ಮರದ ಬುಡ ಕಾರಿಗೆ ತಾಗುವಷ್ಟು ಹತ್ತಿರ. ಸಾಧಾರಣ ಕಾರು ಹೋಗುತ್ತದೆ, ನಿಧಾನಕ್ಕೆ ಹೋಗಬೇಕು ಅಷ್ಟೇ. ಅತ್ತೆ ಕಿಟಕಿ ಇಳಿಸಿ ಕೂತವರು ಪೂರ್ತಿ ದಾರಿ ಮಾತಾಡಲಿಲ್ಲ.

ಪ್ರೇರಿ ಕ್ರೀಕ್‌ನಲ್ಲಿ ಬಿಗ್ ಟ್ರೀ ಅಂತ ಬೋರ್ಡ್ ಇದೆ, ಕಾರಿನಿಂದ ಇಳಿದು ಒಂದೆರಡು ನಿಮಿಷ. ಶಕ್ತಿ ಇದ್ದರೆ ಲೇಡಿ ಬರ್ಡ್ ಜಾನ್ಸನ್ ಗ್ರೋವ್, ಒಂದೂವರೆ ಮೈಲಿ, ಏರು ಇಲ್ಲ.

ಹಾಸನದ_ಹುಡುಗ

ಆ ಹೈಪೀರಿಯನ್ ಮರಕ್ಕೆ ದಾರಿ ಯಾರಿಗಾದರೂ ಗೊತ್ತಾ? ನಾವು ಮೂರು ಜನ ಫ್ರೆಂಡ್ಸ್ ಆಗಸ್ಟ್‌ನಲ್ಲಿ ಹೋಗ್ತಿದ್ದೇವೆ. ಪ್ರಪಂಚದ ಅತಿ ಎತ್ತರದ ಮರದ ಪಕ್ಕ ಹೋಗಿ ನೋಡದೆ ಬಂದರೆ ಏನು ಪ್ರಯೋಜನ?

ಗಿಡಮರ_ಮೇಷ್ಟ್ರು

ದಯವಿಟ್ಟು ಬೇಡಪ್ಪ. ಅಲ್ಲಿಗೆ ದಾರಿಯೇ ಇಲ್ಲ. ಜನ ನುಗ್ಗಿ ನುಗ್ಗಿ ಬುಡದ ಸುತ್ತ ಜರಿಗಿಡ ಎಲ್ಲ ತುಳಿದು ಮಣ್ಣು ಗಟ್ಟಿ ಮಾಡಿದರು. ಬೇರು ಮೇಲೇ ಇರುತ್ತದೆ ಅಂತ ಆಗಲೇ ಹೇಳಿದೆನಲ್ಲ. 2022ರಲ್ಲಿ ಆ ಜಾಗವನ್ನೇ ಮುಚ್ಚಿದರು. ಸಿಕ್ಕಿಬಿದ್ದರೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು.

ಹಾಸನದ_ಹುಡುಗ

ದಂಡದ ವಿಷಯ ಗೊತ್ತಿರಲಿಲ್ಲ. ಆದರೆ ಒಂದು ಮಾತು ಮೇಷ್ಟ್ರೇ. ಕಾಡು ಎಲ್ಲರದ್ದೂ ಅಲ್ವಾ? ದಾರಿ ಮಾಡಿ, ಹಲಗೆ ಹಾಕಿ ತೋರಿಸಬಹುದಲ್ಲ. ಮುಚ್ಚಿಡೋದು ಯಾಕೆ?

ಕಡಲಕಡೆ

ಅದನ್ನೂ ಮಾಡಿದ್ದಾರೆ. ಜೆಡೆಡಾಯಾ ಸ್ಮಿತ್‌ನಲ್ಲಿ ಗ್ರೋವ್ ಆಫ್ ಟೈಟನ್ಸ್ ಅಂತ ಇದೆ. ಅಲ್ಲೂ ಹಿಂಗೇ ಜನ ಗುಟ್ಟಾಗಿ ನುಗ್ಗಿ ನೆಲ ಹಾಳು ಮಾಡಿದ್ದರು. ಕೊನೆಗೆ ನೆಲಕ್ಕೆ ತಾಗದ ಹಾಗೆ ಎತ್ತರದ ಹಲಗೆ ದಾರಿ ಕಟ್ಟಿ ತೆರೆದರು. ಅಲ್ಲಿಗೆ ಹೋಗಿ. ಅಲ್ಲಿಯ ಮರಗಳು ದಪ್ಪದಲ್ಲಿ ಹೈಪೀರಿಯನ್‌ನ ಮೀರಿಸುತ್ತವೆ.

ಎತ್ತರವೇ ಬೇಕು ಅಂದರೆ ಟಾಲ್ ಟ್ರೀಸ್ ಗ್ರೋವ್. ಇದಕ್ಕೂ ಪರ್ಮಿಟ್ ಬೇಕು, ದುಡ್ಡಿಲ್ಲ. ದಿನಕ್ಕೆ 50 ಮಾತ್ರ ಕೊಡುತ್ತಾರೆ, ಗೇಟ್ ಬೀಗದ ನಂಬರ್ ಕಳಿಸುತ್ತಾರೆ. ನಾಲ್ಕು ಮೈಲಿ ನಡಿಗೆ. ಹೋಗುವಾಗ 800 ಅಡಿ ಇಳಿಯಬೇಕು, ಬರುವಾಗ ಅಷ್ಟೂ ಹತ್ತಬೇಕು. 1963ರಲ್ಲಿ ಆಗಿನ ಕಾಲಕ್ಕೆ ಅತಿ ಎತ್ತರ ಅನ್ನಿಸಿದ ಮರ ಸಿಕ್ಕಿದ್ದು ಇಲ್ಲೇ.

ಹಾಸನದ_ಹುಡುಗ

ಆಯ್ತು, ಟಾಲ್ ಟ್ರೀಸ್ ಪರ್ಮಿಟ್ ಹಾಕ್ತೀವಿ. ಥ್ಯಾಂಕ್ಸ್ ಅಣ್ಣ.

ಧಾರವಾಡ_ಪೇಡ

ಊಟದ ಬಗ್ಗೆ ಯಾರೂ ಹೇಳ್ತಾನೇ ಇಲ್ಲವಲ್ಲ! ನಮ್ಮ ಊಟ ಸಿಗುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ. ನಾವು ಎರಡು ದಿನ ಬ್ರೆಡ್ಡು, ಆಲೂಗಡ್ಡೆ ಫ್ರೈ ತಿಂದು ಅಪ್ಪನ ಹೊಟ್ಟೆ ಕೆಟ್ಟಿತು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಚಪಾತಿ, ಚಿಕ್ಕ ರೈಸ್ ಕುಕ್ಕರ್ ಇಟ್ಟುಕೊಳ್ಳಿ. ಅಡುಗೆಮನೆ ಇರುವ ರೂಮ್ ನೋಡಿ. ನಾವು ಬುಕ್ ಮಾಡಿದ ಕಡೆ ಅಡುಗೆಮನೆ ಇದೆ ಅಂತ ಹಾಕಿದ್ದರು, ಹೋಗಿ ನೋಡಿದರೆ ಒಂದು ಮೈಕ್ರೋವೇವ್ ಅಷ್ಟೇ. ಫೋನ್ ಮಾಡಿ ಕೇಳಿಯೇ ಬುಕ್ ಮಾಡಿ.

ಗಿಡಮರ_ಮೇಷ್ಟ್ರು

ಊಟದ ಮಾತು ಬಂದಿದ್ದಕ್ಕೆ ಒಂದು ವಿನಂತಿ. ಕಾಡಿನಲ್ಲಿ ಚೂಡಾ, ಅವಲಕ್ಕಿ, ಚಿಪ್ಸ್ ಒಂದು ಚೂರೂ ಬೀಳಿಸಬೇಡಿ. ಕರಡಿ ಬರುತ್ತೆ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಮಾರ್ಬಲ್ಡ್ ಮರ್ರಲೆಟ್ ಅನ್ನೋ ಹಕ್ಕಿ. ಇದು ಕಡಲಹಕ್ಕಿ, ಮೀನು ಹಿಡಿಯೋದು ಸಮುದ್ರದಲ್ಲಿ. ಆದರೆ ಮೊಟ್ಟೆ ಇಡೋದು ಹಳೇ ರೆಡ್‌ವುಡ್‌ನಂಥ ಮರದ ಎತ್ತರದ ಕೊಂಬೆಯ ಪಾಚಿ ಮೇಲೆ, ಒಂದೇ ಒಂದು ಮೊಟ್ಟೆ. ಇದರ ಗೂಡು ಎಲ್ಲಿ ಅಂತ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. 1974ರಲ್ಲಿ ಬಿಗ್ ಬೇಸಿನ್ ಕಾಡಿನಲ್ಲಿ ಮರ ಹತ್ತಿದವರೊಬ್ಬರಿಗೆ ಆಕಸ್ಮಿಕವಾಗಿ ಸಿಕ್ಕಿತು. ನಾವು ಬೀಳಿಸಿದ ತಿಂಡಿಗೆ ಜೇ ಅನ್ನೋ ನೀಲಿ ಹಕ್ಕಿ, ಕಾಗೆ ಗುಂಪು ಸೇರುತ್ತವೆ. ಆಮೇಲೆ ಅವೇ ಮೇಲೆ ಹೋಗಿ ಆ ಒಂದು ಮೊಟ್ಟೆ ತಿನ್ನುತ್ತವೆ.

ಧಾರವಾಡ_ಪೇಡ

ಇದು ಗೊತ್ತಿರಲಿಲ್ಲ. ನನ್ನ ಮಗಳು ಅಲ್ಲಿ ನೀಲಿ ಹಕ್ಕಿಗೆ ಖಾರಾಬೂಂದಿ ಹಾಕಿದ್ದಳು, ನಾವು ಫೋಟೋ ಬೇರೆ ತೆಗೆದಿದ್ದೆವು. ಇವತ್ತು ಸಂಜೆ ಅವಳಿಗೆ ಹೇಳುತ್ತೇನೆ.

ತುಂಗಾತೀರದವಳು

ಅಮ್ಮ ಪಕ್ಕದಲ್ಲಿ ಕೂತು ಇದನ್ನೆಲ್ಲ ಓದಿಸಿಕೊಳ್ಳುತ್ತಿದ್ದಾರೆ. ಅವರ ಪ್ರಶ್ನೆ: ಇಂಬಳ ಇದೆಯಾ? ಉಣುಗು ಇದೆಯಾ? ನಮ್ಮ ಕಡೆ ಮಂಗನ ಕಾಯಿಲೆ ನೋಡಿದವರು, ಉಣುಗು ಅಂದರೆ ಅವರಿಗೆ ಬಹಳ ಭಯ.

ಕೊಡಚಾದ್ರಿ

ಅಮ್ಮನಿಗೆ ಹೇಳಿ, ನಮ್ಮ ಹಾಗೆ ಕಾಲಿಗೆ ಹತ್ತುವ ಇಂಬಳ ನನಗೆ ಅಲ್ಲಿ ಒಂದೂ ಸಿಕ್ಕಿಲ್ಲ. ನಾನೂ ಹೊಸನಗರದ ಕಡೆಯವನು. ಅಷ್ಟು ಒದ್ದೆ ಕಾಡಿನಲ್ಲಿ ನಡೆದು ಬಂದು ಕಾಲು ನೋಡಿಕೊಂಡರೆ ಏನೂ ಇಲ್ಲ, ನನಗೇ ಆಶ್ಚರ್ಯ ಆಯ್ತು.

ಉಣುಗು ಇದೆ. ಮಂಗನ ಕಾಯಿಲೆ ಅಲ್ಲಿಲ್ಲ, ಆದರೆ ಲೈಮ್ ಅಂತ ಬೇರೆ ಕಾಯಿಲೆ ಬರಬಹುದು. ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ, ಉದ್ದ ಪ್ಯಾಂಟು, ಸಾಕ್ಸು ಹಾಕಿಸಿ, ರೂಮಿಗೆ ಬಂದು ಮೈ ನೋಡಿಕೊಳ್ಳಿ.

ಇನ್ನೊಂದು ಪಾಯ್ಸನ್ ಓಕ್ ಅನ್ನೋ ಗಿಡ. ಒಂದು ತೊಟ್ಟಿಗೆ ಮೂರು ಎಲೆ. ತಾಗಿದರೆ ತುರಿಸಿ ಬೊಬ್ಬೆ ಬರುತ್ತದೆ. ನಮ್ಮ ಕಾಡಿನ ಹೊಳಗೇರು ಸೊನೆ ತಾಗಿದ ಹಾಗೇ. ಎರಡೂ ಗೇರು, ಮಾವಿನ ಜಾತಿಗೇ ಸೇರಿದ ಗಿಡಗಳು. ಅಪ್ಪನಿಗೆ ಹೊಳಗೇರು ಅಂದರೆ ಸಾಕು, ತಕ್ಷಣ ಗೊತ್ತಾಗುತ್ತದೆ.

ಮತ್ತೆ ಬಾಳೆಹಣ್ಣಿನ ಬಣ್ಣದ, ಚಿಪ್ಪಿಲ್ಲದ ದೊಡ್ಡ ಹುಳು ದಾರಿ ಮೇಲೆ ಕಾಣುತ್ತದೆ. ಬನಾನಾ ಸ್ಲಗ್ ಅಂತಾರೆ. ಏನೂ ಮಾಡಲ್ಲ. ತುಳಿಯದ ಹಾಗೆ ನೋಡಿಕೊಂಡು ನಡೆಯಿರಿ.

ಸಿರ್ಸಿ_ಪೇಟೆ

ಎಲ್ಲರೂ ಪಾರ್ಕ್ ಚೆಂದ ಅಂತ ಹೊಗಳುತ್ತಿದ್ದೀರಿ. ಅದು ಉಳಿದ ಕಥೆಯೂ ಗೊತ್ತಿರಲಿ. ಮೊದಲು ಆ ಕರಾವಳಿಯಲ್ಲಿ ಇಪ್ಪತ್ತು ಲಕ್ಷ ಎಕರೆ ಹಳೇ ರೆಡ್‌ವುಡ್ ಕಾಡಿತ್ತು. 1850ರ ಹೊತ್ತಿಗೆ ಚಿನ್ನ ಹುಡುಕಿಕೊಂಡು ಜನ ನುಗ್ಗಿದಾಗ ಕೊಡಲಿ ಬಿತ್ತು. ಈಗ ಉಳಿದಿರುವುದು ನೂರಕ್ಕೆ ಐದು ಪಾಲು.

1968ರಲ್ಲಿ ಪಾರ್ಕ್ ಮಾಡಿದಾಗಲೂ ಗಡಿ ಸರಿಯಾಗಿ ಹಾಕಲಿಲ್ಲ. ರೆಡ್‌ವುಡ್ ಕ್ರೀಕ್ ಪಕ್ಕದ ಮರಗಳು ಪಾರ್ಕ್‌ಗೆ, ಮೇಲಿನ ಗುಡ್ಡ ಕಂಪನಿಗಳಿಗೆ. ಗುಡ್ಡ ಬೋಳಿಸಿದ ಮೇಲೆ ಮಳೆಗಾಲದಲ್ಲಿ ಮಣ್ಣೆಲ್ಲ ಹಳ್ಳಕ್ಕೆ ಬಂತು. ಹೂಳು ತುಂಬಿ ಟಾಲ್ ಟ್ರೀಸ್ ಗ್ರೋವ್‌ಗೇ ಅಪಾಯ ಆಯ್ತು. ಆಮೇಲೆ 1978ರಲ್ಲಿ ಆ ಗುಡ್ಡಗಳನ್ನೂ ಸೇರಿಸಿ 48,000 ಎಕರೆ ದೊಡ್ಡದು ಮಾಡಿದರು. ಅಷ್ಟರಲ್ಲಿ ಬಹುಪಾಲು ಕಡಿದೇ ಮುಗಿದಿತ್ತು.

ನಾನು ಸಿರ್ಸಿಯವನು. 1983ರಲ್ಲಿ ಸಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡ ಕಥೆ ಕೇಳಿಕೊಂಡೇ ಬೆಳೆದವನು. ಅಲ್ಲಿಯ ಮೋಟುಗಳನ್ನು ನೋಡಿದರೆ ನನಗೆ ಹೊಟ್ಟೆಯೊಳಗೆ ಸಂಕಟ ಆಗುತ್ತದೆ.

ರೈನ್‌ಕೋಟ್

ಸಿರ್ಸಿ ಅವರೇ, ಒಪ್ಪುತ್ತೇನೆ. ಆದರೆ ಮರ ಕಡಿಯುತ್ತಿದ್ದವರ ಕಡೆಯೂ ನೋಡಬೇಕು ಅನ್ನಿಸುತ್ತದೆ. ಓರಿಕ್ ಅನ್ನೋ ಊರಿನಲ್ಲಿ ನಿಲ್ಲಿಸಿ ನೋಡಿ. ಅರ್ಧಕ್ಕರ್ಧ ಅಂಗಡಿ ಮುಚ್ಚಿವೆ. ಅಲ್ಲಿಯವರ ಹೊಟ್ಟೆಪಾಡು ಮರದ ಕೆಲಸವೇ ಆಗಿತ್ತು. 1977ರಲ್ಲಿ ಅವರು ಲಾರಿಗಳ ಸಾಲು ಕಟ್ಟಿಕೊಂಡು ವಾಷಿಂಗ್ಟನ್‌ಗೆ ಹೋದರು. ಅಧ್ಯಕ್ಷ ಕಾರ್ಟರ್ ಕಡಲೆಕಾಯಿ ಬೆಳೆಯುವ ಮನೆತನದವರು ಅಂತ, ರೆಡ್‌ವುಡ್‌ನಲ್ಲೇ ಕೆತ್ತಿದ ದೈತ್ಯ ಕಡಲೆಕಾಯಿ ಲಾರಿ ಮೇಲೆ ಇಟ್ಟುಕೊಂಡು ಹೋಗಿದ್ದರು. ಅದನ್ನು ಅಲ್ಲಿ ತೆಗೆದುಕೊಳ್ಳಲಿಲ್ಲ. ಅಷ್ಟು ದೂರ ಹೊತ್ತುಕೊಂಡು ಹೋಗಿದ್ದನ್ನು ಮತ್ತೆ ಊರಿಗೆ ತಂದರು. ಆ ಜನರ ನೋವೂ ಸುಳ್ಳಲ್ಲ.

ಸಿರ್ಸಿ_ಪೇಟೆ

ನೋವು ಸುಳ್ಳಲ್ಲ. ಆದರೆ ಕಾನೂನು ಬರದಿದ್ದರೂ ಇನ್ನು ಕೆಲವು ವರ್ಷಕ್ಕೆ ಹಳೇ ಮರ ಮುಗಿದು ಅದೇ ಕೆಲಸ ಹೋಗುತ್ತಿತ್ತು. ಮರವೂ ಇಲ್ಲ, ಕೆಲಸವೂ ಇಲ್ಲ ಅಂತ ಆಗುತ್ತಿತ್ತು. ಇನ್ನು ಆ ನೆಲ ಮೊದಲು ಯಾರದ್ದು ಅನ್ನುವುದನ್ನೂ ಮರೆಯಬಾರದು. ಕ್ಲಾಮತ್ ನದಿ ಬದಿಯ ಯೂರಾಕ್ ಜನ ಬಿದ್ದ ರೆಡ್‌ವುಡ್‌ನಿಂದಲೇ ಮನೆ ಕಟ್ಟಿಕೊಂಡು, ದೋಣಿ ಕೊರೆದು ಬದುಕಿದವರು. ಅವರೇ 2022ರಲ್ಲಿ ಕಾಂಡೋರ್ ಹದ್ದುಗಳನ್ನು ಆ ಆಕಾಶಕ್ಕೆ ವಾಪಸ್ ಬಿಟ್ಟರು. ಕ್ಲಾಮತ್ ಮೇಲಿದ್ದ ನಾಲ್ಕು ಅಣೆಕಟ್ಟು ತೆಗೆಸಲು ವರ್ಷಗಟ್ಟಲೆ ಹೋರಾಡಿದವರಲ್ಲೂ ಅವರೇ ಮುಂದೆ. 2024ರಲ್ಲಿ ಕೊನೆಯದೂ ಹೋಯಿತು, ಆ ವರ್ಷವೇ ಸಾಲ್ಮನ್ ಮೀನು ಮೇಲಕ್ಕೆ ಈಜಿಕೊಂಡು ಹೋದವು.

ಬಸವ_ಬೇಏರಿಯಾ

ಹಾಗಾದರೆ ಪಾರ್ಕ್‌ನವರೇ ಈಗಲೂ ಮರ ಕಡೀತಾರಲ್ಲ? ನನ್ನ ಸಹೋದ್ಯೋಗಿ ಹೋಗಿದ್ದಾಗ ಗುಡ್ಡದ ಮೇಲೆ ಲಾರಿ, ಕಡಿದ ಮರ ಎಲ್ಲ ನೋಡಿದ್ದಾರೆ. ಇದೆಂಥ ಕಾಪಾಡುವುದು?

ಗಿಡಮರ_ಮೇಷ್ಟ್ರು

ಒಳ್ಳೇ ಪ್ರಶ್ನೆ. ಅವು ಹಳೇ ಮರ ಅಲ್ಲ. ಬೋಳಿಸಿದ ಗುಡ್ಡಕ್ಕೆ ಕಂಪನಿಗಳು ವಿಮಾನದಿಂದ ಡಗ್ಲಸ್ ಫರ್ ಅನ್ನೋ ಬೇರೆ ಜಾತಿ ಮರದ ಬೀಜ ಚೆಲ್ಲಿದ್ದವು. ಅವು ಒತ್ತೊತ್ತಾಗಿ ಬೆಳೆದು ಯಾವುದಕ್ಕೂ ಬಿಸಿಲಿಲ್ಲ, ರೆಡ್‌ವುಡ್ ಸಸಿ ಕೆಳಗೇ ಉಳಿದುಬಿಟ್ಟಿವೆ. ಅದನ್ನು ಬಿಡಿಸಿ, ಹಳೇ ಲಾರಿ ರಸ್ತೆಗಳನ್ನು ಕಿತ್ತು ಹಳ್ಳಕ್ಕೆ ದಾರಿ ಮಾಡಿಕೊಡುವ ಕೆಲಸ ಅದು. ಸಸಿಮಡಿಯಲ್ಲಿ ಒತ್ತಾದ ಸಸಿ ಕಿತ್ತು ತೆಳು ಮಾಡುತ್ತೇವಲ್ಲ, ಅದೇ.

ಬಸವ_ಬೇಏರಿಯಾ

ಈಗ ಅರ್ಥ ಆಯ್ತು.

ಮೈಸೂರು_ಮಲ್ಲಿಗೆ

ಕಾಡಿನ ಮಾತೇ ಆಯ್ತು, ಕಡಲ ಬಗ್ಗೆಯೂ ಹೇಳುತ್ತೇನೆ. ಅದು ನಮ್ಮ ಮಲ್ಪೆ, ಮುರುಡೇಶ್ವರದ ಹಾಗೆ ಇಳಿದು ಆಟ ಆಡುವ ಕಡಲಲ್ಲ. ನೀರು ಮಂಜುಗಡ್ಡೆ. ಸುಮ್ನೆ ನಿಂತಿರುವಾಗ ಇದ್ದಕ್ಕಿದ್ದ ಹಾಗೆ ಒಂದು ದೊಡ್ಡ ಅಲೆ ಬಂದು ಎಳೆದುಕೊಂಡು ಹೋಗುತ್ತದೆ. ದಡದ ಮರದ ದಿಮ್ಮಿ ಮೇಲೆ ಹತ್ತಿ ಫೋಟೋ ತೆಗೆಯಬೇಡಿ, ಅಲೆ ಬಂದರೆ ದಿಮ್ಮಿಯೇ ಉರುಳುತ್ತದೆ. ಕಡಲಿಗೆ ಬೆನ್ನು ಮಾಡಿ ನಿಲ್ಲಲೇಬಾರದು.

ಕ್ರೆಸೆಂಟ್ ಸಿಟಿಯಲ್ಲಿ ಉಳಿಯುವವರು ಸುನಾಮಿ ಬೋರ್ಡ್ ಎಲ್ಲಿಗೆ ತೋರಿಸುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. 1964ರಲ್ಲಿ ಅಲಾಸ್ಕಾದಲ್ಲಿ 9.2ರ ಭೂಕಂಪ ಆದ ರಾತ್ರಿ ಈ ಊರಿಗೆ ಅಲೆ ನುಗ್ಗಿತು. ಮೊದಲ ಅಲೆಗಳು ಅಷ್ಟೇನೂ ದೊಡ್ಡದಿರಲಿಲ್ಲ. ಮುಗಿಯಿತು ಅಂದುಕೊಂಡು ಕೆಲವರು ಅಂಗಡಿ ನೋಡಲು ವಾಪಸ್ ಬಂದರು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಊರಲ್ಲಿ 11 ಜನ ಸತ್ತರು.

ಅಲ್ಲಿಯ ಬ್ಯಾಟರಿ ಪಾಯಿಂಟ್ ದೀಪಸ್ತಂಭ ಚೆನ್ನಾಗಿದೆ. ನೀರು ಇಳಿದಾಗ ಮಾತ್ರ ನಡೆದು ಹೋಗಬಹುದು, ಇಳಿತದ ಹೊತ್ತು ನೋಡಿಕೊಂಡು ಹೋಗಿ.

ಹಾಸನದ_ಹುಡುಗ

ಕಾರು ಮರದೊಳಗೆ ತೂರಿಕೊಂಡು ಹೋಗುವ ಜಾಗ ಇದೆಯಲ್ಲ, ಅದು ಪಾರ್ಕ್‌ನಲ್ಲೇ ಇರೋದಾ?

ಕಡಲಕಡೆ

ಅಲ್ಲ, ಅವು ಖಾಸಗಿ ಜಾಗ. ದುಡ್ಡು ಕೊಟ್ಟು ಹೋಗಬೇಕು. ನನಗೆ ಇಷ್ಟವಿಲ್ಲ. ಬದುಕಿರುವ ಮರಕ್ಕೆ ತೂತು ಕೊರೆದದ್ದನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗಲು ಮನಸ್ಸು ಬರಲ್ಲ.

ಧಾರವಾಡ_ಪೇಡ

ನಮ್ಮ ಮಾವನವರಿಗೆ ಇಡೀ ಪ್ರವಾಸದಲ್ಲಿ ಅದೇ ಖುಷಿ ಕೊಟ್ಟಿದ್ದು. ಎಷ್ಟೋ ವರ್ಷದ ಹಿಂದೆ ಯಾರೋ ಮಾಡಿದ ತಪ್ಪು, ಈಗ ಹೋಗಿ ನೋಡಿದರೆ ಮರಕ್ಕೆ ಹೊಸ ನೋವೇನೂ ಆಗಲ್ಲ. ವಯಸ್ಸಾದವರ ಖುಷಿಗೆ ಅಡ್ಡ ಬರಬೇಡಿ.

ತುಂಗಾತೀರದವಳು

ಹೋಗಿ ಬಂದೆವು! ಎಲ್ಲರಿಗೂ ಬರೆಯಬೇಕು ಅಂತ ಎರಡು ದಿನದಿಂದ ಅಂದುಕೊಳ್ಳುತ್ತಿದ್ದೆ.

ಕ್ರೇಟರ್ ಲೇಕ್ ಬಿಟ್ಟೆವು. ಯಜಮಾನರು ಮೊದಲು ಒಪ್ಪಲಿಲ್ಲ, ಈ ಚರ್ಚೆ ಪೂರ್ತಿ ಓದಿ ಒಪ್ಪಿದರು. ಒಂದು ದಿನ ಹೆಚ್ಚು ರಜೆಯನ್ನೂ ಹಾಕಿದರು. ಹೋಗುವಾಗ ಯುರೇಕಾದಲ್ಲಿ ಒಂದು ರಾತ್ರಿ ಉಳಿದಿದ್ದರಿಂದ ಅಮ್ಮನಿಗೆ ಕಾರು ಕಷ್ಟ ಆಗಲಿಲ್ಲ.

ಮೊದಲು ಹೋಗಿದ್ದು ಪ್ರೇರಿ ಕ್ರೀಕ್‌ಗೆ. ಹುಲ್ಲುಗಾವಲಲ್ಲಿ ಎಲ್ಕ್ ಹಿಂಡು ಮಲಗಿತ್ತು. ಅಪ್ಪ "ಕಡವೆ ಕಡವೆ" ಅಂತ ಕೂಗಿ, ಆಮೇಲೆ ಕೊಂಬು ನೋಡಿ "ಅಲ್ಲ, ಇದು ಬೇರೆ" ಅಂದರು. ಬಿಗ್ ಟ್ರೀ ಹತ್ತಿರ ಸುಮ್ಮನೆ ನಿಂತರು. ಏನೂ ಹೇಳಲಿಲ್ಲ. ನನಗೆ ಇಷ್ಟ ಆಗಲಿಲ್ಲವೇನೋ ಅಂತ ಯೋಚನೆ ಆಯ್ತು.

ಮಾರನೇ ದಿನ ಸಂಜೆ ಸ್ಟೌಟ್ ಗ್ರೋವ್. ಮಲ್ಲಿಗೆಯವರು ಹೇಳಿದ ಇಳಿಜಾರಿನಲ್ಲಿ ಅಮ್ಮನ ಕೈ ಹಿಡಿದು ಇಳಿಸಿದೆವು. ಅಲ್ಲೊಂದು ಬಿದ್ದ ಮರ ಇತ್ತು. ಅಪ್ಪ ದಾರಿಯಲ್ಲೇ ಅದರ ಪಕ್ಕ ಹೆಜ್ಜೆ ಎಣಿಸಿಕೊಂಡು ಹೋದರು. ದಾರಿ ತಿರುಗಿತು, ಮರ ಮುಗಿದಿರಲಿಲ್ಲ. ವಾಪಸ್ ಬಂದು ಹೇಳಿದರು: "ನಮ್ಮ ಅಡಿಕೆ ಮರ ಆರು ಒಂದರ ಮೇಲೊಂದು ನಿಲ್ಲಿಸಿದರೂ ಇದರಷ್ಟು ಆಗುತ್ತೋ ಇಲ್ಲವೋ." ಆ ದಿಮ್ಮಿಯ ಮೇಲೆ ಸಾಲಾಗಿ ಚಿಕ್ಕ ಮರಗಳು ಹುಟ್ಟಿದ್ದವು. ಅದನ್ನು ತುಂಬ ಹೊತ್ತು ನೋಡಿದರು. "ಇದನ್ನು ಯಾರೂ ತೆಗೆಯಲ್ವಾ?" ಅಂತ ಕೇಳಿದರು. ಇಲ್ಲ, ಹಾಗೇ ಬಿಡುತ್ತಾರೆ ಅಂದೆ. "ನಮ್ಮಲ್ಲಾದರೆ ಮೂರನೇ ದಿನಕ್ಕೆ ಲಾರಿ ಬಂದಿರೋದು" ಅಂದರು.

ಅಮ್ಮನಿಗೆ ಸ್ಲಗ್ ಸಿಕ್ಕಿತು. "ಪಾಪ, ಬಸವನಹುಳು ಮನೆ ಬಿಟ್ಟು ಬಂದಿದೆ" ಅಂತ ಅದು ದಾರಿ ದಾಟುವವರೆಗೂ ಕಾವಲು ನಿಂತರು, ಹಿಂದಿನಿಂದ ಬಂದವರನ್ನೂ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಅವರೂ ನಗುತ್ತಾ ನಿಂತರು. ಚೂಡಾ ಡಬ್ಬಿ ಕಾರಿನಿಂದ ಹೊರಗೆ ತೆಗೆಯಲೇ ಇಲ್ಲ, ಮೇಷ್ಟ್ರೇ.

ಹೊಳಗೇರು ಮಾತು ಕೊಡಚಾದ್ರಿ ಅಣ್ಣ ಹೇಳಿದ್ದು ಬಹಳ ಸಹಾಯ ಆಯ್ತು. ಒಂದು ಕಡೆ ಮಗ ಎಲೆ ಕೀಳಲು ಹೋದಾಗ ನಮಗಿಂತ ಮೊದಲು ಅಪ್ಪನೇ ಮೂರು ಎಲೆ ಗುರುತು ಹಿಡಿದು ತಡೆದರು.

ಕೊಡಚಾದ್ರಿ

ಓದಿ ಮನಸ್ಸು ತುಂಬಿತು. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಬಸವ_ಬೇಏರಿಯಾ

ನಾನು ಬೇಡ ಅಂದಿದ್ದೆ. ಈಗ ನನ್ನ ತಾಯಿ ಡಿಸೆಂಬರ್‌ಗೆ ಬರುತ್ತಿದ್ದಾರೆ. ಆಗ ಹೋಗಬಹುದಾ, ಮಳೆ ಜಾಸ್ತಿನಾ?

ರೈನ್‌ಕೋಟ್

ಮಳೆ ಬಂದೇ ಬರುತ್ತದೆ, ಅವರ ಮಳೆಗಾಲವೇ ಅದು. 101ರಲ್ಲಿ ಕ್ರೆಸೆಂಟ್ ಸಿಟಿ ದಕ್ಷಿಣಕ್ಕೆ ಲಾಸ್ಟ್ ಚಾನ್ಸ್ ಗ್ರೇಡ್ ಅಂತ ಗುಡ್ಡ ಕುಸಿಯುವ ಜಾಗ ಇದೆ. ಹೊರಡುವ ಮುಂಚೆ ರಸ್ತೆ ತೆರೆದಿದೆಯಾ ನೋಡಿಕೊಳ್ಳಿ. ಒಳ್ಳೇ ರೇನ್‌ಕೋಟ್ ಇದ್ದರೆ ಹೋಗಿ. ಕಾಡಿನಲ್ಲಿ ನೀವೊಬ್ಬರೇ ಇರುತ್ತೀರಿ.

ತುಂಗಾತೀರದವಳು

ಇನ್ನೊಂದು ಪ್ರಶ್ನೆ ಉಳಿದಿದೆ. ಅಪ್ಪ ಅಮ್ಮ ಸೆಪ್ಟೆಂಬರ್ ಕೊನೆಗೆ ಊರಿಗೆ ಹೊರಡುತ್ತಾರೆ. ಅದಕ್ಕೆ ಮುಂಚೆ ಇನ್ನೊಂದು ಸಲ ಹೋಗೋಣ ಅಂತ ಅಪ್ಪನೇ ಕೇಳಿದ್ದಾರೆ. ಈ ಸಲ ಅಪ್ಪನನ್ನು ಫರ್ನ್ ಕ್ಯಾನ್ಯನ್‌ಗೆ ಕರೆದುಕೊಂಡು ಹೋಗುವ ಆಸೆ. ಅಮ್ಮ ಮತ್ತು ನಾನು ಬೀಚ್ ಹತ್ತಿರ ಕಾಯುತ್ತೇವೆ.

ಕಡಲಕಡೆ

ಸೆಪ್ಟೆಂಬರ್ 15 ಕಳೆದ ಮೇಲೆ ಹೋದರೆ ಪರ್ಮಿಟ್ ಬೇಡ, ದಿನದ ಶುಲ್ಕ ಮಾತ್ರ. ಹಳ್ಳ ದಾಟಲು ಬೇಸಿಗೆಯಲ್ಲಿ ಹಲಗೆ ಹಾಕಿರುತ್ತಾರೆ, ಮಳೆಗಾಲಕ್ಕೆ ತೆಗೆಯುತ್ತಾರೆ. ಹೇಗಿದ್ದರೂ ಕಾಲು ಒದ್ದೆಯಾಗುತ್ತದೆ. ಅಪ್ಪನಿಗೆ ಇನ್ನೊಂದು ಜೊತೆ ಸಾಕ್ಸ್ ಇಟ್ಟುಕೊಳ್ಳಿ.